ಹಿತ್ತಲಿಗೆ ಹಲಸೋ, ಸಂಪಿಗೆಯೋ?



ಮೃಗಶಿರಾ ಮುಗಿದು ಆರಿದ್ರಾ ಮಳೆ ಹಿಡಿಯುವ ಈ ದಿನಗಳಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಬಂದವರು ಬೀಜ ಗೊಬ್ಬರದ ಮಾತು ಮುಗಿಸಿ ಎದ್ದು ನಿಂತ ಮೇಲೆ, ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ ಇನ್ನೊಂದು ಪ್ರಶ್ನೆ ಕೇಳುವುದುಂಟು. “ಮನೆ ಹಿಂದೆ ಒಂದು ಮರಕ್ಕಾಗುವಷ್ಟು ಜಾಗ ಇದೆ ಸಾರ್, ಹಲಸಿನ ಕಸಿ ಗಿಡ ಹಾಕಲೋ, ಮನೆಯವರು ಸಂಪಿಗೆ ಹಾಕೋಣ ಅಂತಾರೆ, ಅದನ್ನೇ ಹಾಕಲೋ?” ಕೇಳುವವರಿಗೆ ಇದು ಸಣ್ಣ ಮಾತು. ಆದರೆ ಇಂದು ನೆಟ್ಟ ಮರ ನಿಮ್ಮ ಮೊಮ್ಮಕ್ಕಳ ಕಾಲದವರೆಗೆ ಅದೇ ಜಾಗದಲ್ಲಿ ನಿಲ್ಲತಕ್ಕದ್ದು. ರಾಗಿ ತಪ್ಪಿದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು, ಮರ ತಪ್ಪಿದರೆ ಹತ್ತು ವರ್ಷ ಹೋಗುತ್ತದೆ. ಆದಕಾರಣ ಈ ವಾರ ಈ ಎರಡು ಮರಗಳ ಮಾತನ್ನೇ ಎತ್ತಿಕೊಂಡಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು, 2008ನೇ ಇಸವಿ. ತಿಪಟೂರಿನ ಕಡೆ ಒಂದು ಹಳ್ಳಿಯಲ್ಲಿ ಒಬ್ಬ ರೈತರ ಹಿತ್ತಲಿನಲ್ಲಿ ಬಾವಿಯ ಪಕ್ಕದ ದಿಬ್ಬದ ಮೇಲೆ ಒಂದು ಸಂಪಿಗೆ ಮರವಿತ್ತು. ಎತ್ತರವಾಗಿ ಬೆಳೆದು ಬಚ್ಚಲ ಮನೆಯ ಹೆಂಚಿನ ಮೇಲೆ ಎಲೆ ಉದುರಿಸುತ್ತಿತ್ತು. ಯಜಮಾನರಿಗೆ ಅದರ ಮೇಲೆ ಬೇಸರವಿತ್ತು. ನನಗೋ ಕಾಲೇಜಿನಲ್ಲಿ ಓದಿದ ಲೆಕ್ಕವೆಲ್ಲ ಹಸಿಯಾಗಿತ್ತು. ಹಲಸಿನ ಒಂದು ಹಣ್ಣು ಎಷ್ಟು ಕಿಲೋ, ಬಲಿತ ಮರಕ್ಕೆ ಎಷ್ಟು ಹಣ್ಣು, ಬೀಜ, ಸೊಪ್ಪು, ಮೋಪು ಎಲ್ಲ ಕೂಡಿ ಹೇಳಿದೆ. “ಹೂವು ಹೊಟ್ಟೆ ತುಂಬಿಸುತ್ತದೆಯೇ?” ಎಂದೂ ಕೇಳಿದೆ. ಸಂಪಿಗೆ ಹೋಯಿತು. ಅದರ ಬೇರು ದಿಬ್ಬದಲ್ಲಿದ್ದುದರಿಂದ ಹಲಸಿಗೆ ಗುಂಡಿ ತೆಗೆಯುವುದು ಕಷ್ಟವೆಂದು ಇನ್ನೂ ಹತ್ತಡಿ ಕೆಳಗೆ, ಬಚ್ಚಲ ನೀರು ಹರಿದು ಬರುವ ಕಡೆ, ಕಸಿ ಗಿಡ ನೆಡಿಸಿದೆ. ನೀರಿನ ಅನುಕೂಲವಿದೆ ಎಂಬುದೇ ನನ್ನ ಸಮಾಧಾನ. ಎರಡು ಮಳೆಗಾಲ ಗಿಡ ಚೆನ್ನಾಗಿ ಚಿಗುರಿತು. ಮೂರನೆಯ ಮಳೆಗಾಲದಲ್ಲಿ ಎಲೆ ಹಳದಿಗೆ ತಿರುಗಿ ತುದಿಯಿಂದ ಒಣಗಿ ಸತ್ತುಹೋಯಿತು. ಅಗೆದು ನೋಡಿದರೆ ಬೇರು ಕೊಳೆತಿತ್ತು.

ಗಿಡ ಸತ್ತಿದ್ದಕ್ಕೆ ಯಜಮಾನರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದದ್ದು ಅವರ ಹೆಂಡತಿ, ಅದೂ ಮಜ್ಜಿಗೆ ಕೊಡುತ್ತಾ, ತಗ್ಗಿದ ದನಿಯಲ್ಲಿ. “ಮರದ ಲೆಕ್ಕ ನಮ್ಮ ಯಜಮಾನರ ಹತ್ರ ಕೇಳಿದಿರಿ ಸ್ವಾಮಿ. ಹೂ ಬಿಡಿಸ್ತಿದ್ದೋಳು ನಾನು.” ಆಮೇಲೆ ತಿಳಿಯಿತು. ಮಳೆಗಾಲ ಪೂರ್ತಿ ಬೆಳಗಿನ ಬಸ್ಸಿಗೆ ಆಕೆ ಒಂದು ಕುಕ್ಕೆ ಸಂಪಿಗೆ ಕಳಿಸುತ್ತಿದ್ದರು. ಊರಿನ ದೇವಸ್ಥಾನದ ಬೀದಿಯಲ್ಲಿ ಹೂ ಮಾರುವವಳೊಬ್ಬಳು ಅದನ್ನು ಎಣಿಸಿ ತೆಗೆದುಕೊಂಡು ವಾರಕ್ಕೊಮ್ಮೆ ದುಡ್ಡು ಕೊಡುತ್ತಿದ್ದಳು. ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕ, ಗೌರಿ ಹಬ್ಬಕ್ಕೆ ಬಳೆ, ಸಂಘದ ವಾರದ ಕಂತು, ಎಲ್ಲಾ ಅದರಲ್ಲೇ. ಈ ಲೆಕ್ಕ ಮನೆಯ ಯಾವ ಪುಸ್ತಕದಲ್ಲೂ ಇರಲಿಲ್ಲ, ನನ್ನ ಪುಸ್ತಕದಲ್ಲಂತೂ ಇರಲೇ ಇಲ್ಲ.

ಇದನ್ನು ಹೇಳಿದ್ದು ಹಲಸನ್ನು ಹೀಗಳೆಯಲು ಅಲ್ಲ. ಹಲಸಿನಷ್ಟು ಉಪಕಾರಿಯಾದ ಮರ ನಮ್ಮ ನಾಡಿನಲ್ಲಿ ಕಡಿಮೆ. ಹಸಿದು ಹಲಸು, ಉಂಡು ಮಾವು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಅದು ಹಸಿವಿನ ಕಾಲದ ಮರ. ಎಳೆಯದರಲ್ಲಿ ಪಲ್ಯ ಹುಳಿ, ಬಲಿತ ಮೇಲೆ ಹಪ್ಪಳ ಚಿಪ್ಸು, ಹಣ್ಣಾದ ಮೇಲೆ ತೊಳೆ, ತೊಳೆ ಮುಗಿದ ಮೇಲೆ ಬೀಜದ ಸಾರು, ಸಿಪ್ಪೆ ದನಕ್ಕೆ, ಸೊಪ್ಪು ಆಡಿಗೆ. ಮರ ಮುದಿಯಾದರೆ ಬಾಗಿಲು ಕಿಟಕಿ. ಮೃದಂಗ, ವೀಣೆ ಮಾಡುವವರು ಹುಡುಕಿಕೊಂಡು ಬರುವುದೂ ಹಲಸಿನ ಮರವನ್ನೇ. ಬಯಲು ಸೀಮೆಯ ಬದುಗಳಲ್ಲಿ ನೀರು ಹಾಯಿಸದೆ ಮಳೆಯ ಮೇಲೇ ಬೆಳೆದು ನಿಂತ ಮರಗಳು ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದಲ್ಲಿ ಎಷ್ಟೋ ಇವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ, ಚಿಕ್ಕಮಗಳೂರು ಕಡೆಯ ಸಖರಾಯಪಟ್ಟಣ, ಇವು ಹಲಸಿನಿಂದಲೇ ಹೆಸರಾದ ಊರುಗಳು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ ತಾಮ್ರದ ಕೆಂಪು ಬಣ್ಣದ ತೊಳೆಯ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿ, 2017ರಲ್ಲಿ ಆ ರೈತ ಕುಟುಂಬದೊಡನೆಯೇ ಒಪ್ಪಂದ ಮಾಡಿಕೊಂಡು ‘ಸಿದ್ದು’ ಎಂಬ ಹೆಸರಿನಲ್ಲಿ ಕಸಿ ಗಿಡಗಳನ್ನು ಹೊರತಂದರು. ತಂದೆ ನೆಟ್ಟ ಒಂದೇ ಮರ ಮಗನ ಕೈಗೆ ಇಂಥ ಭಾಗ್ಯ ತಂದದ್ದನ್ನು ನೆನೆದರೆ ಸಂತೋಷವಾಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಆರಿಸಿದ ಸ್ವರ್ಣ, ಲಾಲ್‌ಬಾಗ್ ಮಧುರ, ಬೈರಚಂದ್ರ ತಳಿಗಳೂ ಇವೆ. ನೆರೆಯ ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದೇ ಘೋಷಿಸಿತು.

ಆದರೆ ಹಲಸು ಹಿತ್ತಲಿನ ಮರವೇ? ಇಲ್ಲಿ ನಿಂತು ಯೋಚಿಸಬೇಕು. ಅದಕ್ಕೆ ಸುತ್ತಲೂ ಮೂವತ್ತು ಅಡಿಯಾದರೂ ಜಾಗ ಬೇಕು. ಗೋಡೆಗೆ ಎಂಟು ಹತ್ತು ಅಡಿಯಲ್ಲಿ ನೆಟ್ಟವರು ಇಪ್ಪತ್ತು ವರ್ಷದ ಮೇಲೆ ಗೋಡೆಯನ್ನೋ ಮರವನ್ನೋ ಒಂದನ್ನು ಕಳೆದುಕೊಳ್ಳುತ್ತಾರೆ. ಹದಿನೈದು ಕಿಲೋ ತೂಕದ ಹಣ್ಣು ಹೆಂಚಿನ ಮೇಲೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಮರದಡಿಯಲ್ಲಿ ಮಕ್ಕಳು ಆಡುವ ಮನೆಯಲ್ಲಂತೂ ಅದು ಹೆದರಿಕೆಯ ಮಾತೇ. ನೀರು ನಿಲ್ಲುವ ಜಾಗವನ್ನು ಹಲಸು ಕೊಂಚವೂ ಸಹಿಸದು, ನನ್ನ ಅನುಭವವನ್ನು ಆಗಲೇ ಹೇಳಿದೆ. ಇನ್ನು ಆನೆ ಓಡಾಡುವ ಸೀಮೆ. ಸಕಲೇಶಪುರ, ಕೊಡಗು, ಚಾಮರಾಜನಗರದ ಕಾಡಂಚಿನ ಊರಿನವರಿಗೆ ನಾನು ತಿಳಿಯಹೇಳಬೇಕಾಗಿಲ್ಲ. ಹಣ್ಣಿನ ವಾಸನೆ ಹಿಡಿದು ಆನೆ ಅಂಗಳಕ್ಕೇ ಬರುತ್ತದೆ. ಕಲ್ಲುಗುಡ್ಡದ ಕಡೆ ಕರಡಿಯೂ ಬರುತ್ತದೆ. ಅಂಥಲ್ಲಿ ಮನೆ ಹಿಂದೆ ಹಲಸು ಬೇಡವೇ ಬೇಡ. ಇರುವ ಮರದ ಕಾಯಿಯನ್ನು ಎಳೆಯದರಲ್ಲೇ ಇಳಿಸಿ ಮಾರಿಬಿಡಿ.

ಹಲಸಿನ ದುಡ್ಡು ಯಾರ ಕೈಗೆ ಹೋಗುತ್ತದೆ ಎಂಬುದನ್ನೂ ನೋಡಿರಿ. ನಮ್ಮಲ್ಲಿ ಹೆಚ್ಚಿನವರು ಕಾಯಿ ಕಟ್ಟುವಾಗಲೇ ಇಡೀ ಮರವನ್ನು ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ಹತ್ತಿ ಕೀಳುವವರಿಲ್ಲ, ಹೊತ್ತು ಮಾರುವವರಿಲ್ಲ, ಒಂದೇ ಸಲ ಹಣ್ಣಾಗಿ ಕೊಳೆಯುತ್ತದೆ ಎಂಬ ಭಯ. ಗುತ್ತಿಗೆದಾರ ಒಂದು ಮರಕ್ಕೆ ಕೊಟ್ಟ ಹಣವನ್ನು ಹೆದ್ದಾರಿಯ ಪಕ್ಕದಲ್ಲಿ ನಾಲ್ಕಾರು ಹಣ್ಣಿನ ತೊಳೆ ಬಿಡಿಸಿ ಮಾರಿ ಹುಟ್ಟಿಸುತ್ತಾನೆ. ತೂಬಗೆರೆಯ ಬೆಳೆಗಾರರು ಸಂಘ ಕಟ್ಟಿಕೊಂಡದ್ದು ಇದಕ್ಕೇ. ಮನೆಯಲ್ಲಿ ಹಪ್ಪಳ ಒತ್ತುವ, ತೊಳೆ ಬಿಡಿಸಿ ಮಾರುವ ಕೈಗಳಿದ್ದರೆ ಹಲಸು ಲಕ್ಷ್ಮಿ. ಇಲ್ಲದಿದ್ದರೆ ನೊಣ ಮತ್ತು ಅಂಟು ಮಾತ್ರ ನಿಮ್ಮ ಪಾಲಿಗೆ.

ಇನ್ನು ಸಂಪಿಗೆ. ಇದೂ ನಮ್ಮ ಕಾಡಿನ ಮರವೇ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಪೂಜಿಸುವ ‘ದೊಡ್ಡ ಸಂಪಿಗೆ’ಯನ್ನು ನೋಡಿದವರಿಗೆ ಈ ಮರ ಬಿಟ್ಟರೆ ಎಷ್ಟು ದೊಡ್ಡದಾಗಬಲ್ಲುದೆಂದು ಗೊತ್ತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಂದು ರಸ್ತೆಗೇ ಇದರ ಹೆಸರು. ದುಂಬಿ ಸಂಪಿಗೆಯ ಬಳಿ ಸುಳಿಯುವುದಿಲ್ಲವೆಂದು ಹಳೆಯ ಕವಿಗಳು ಹೇಳುತ್ತಾ ಬಂದಿದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಈ ಕುಲದ ಹೂಗಳಲ್ಲಿ ಪರಾಗ ಸಾಗಿಸುವ ಕೆಲಸ ಜೇನಿಗಿಂತ ಹೆಚ್ಚಾಗಿ ಓಡು ರೆಕ್ಕೆಯ ಸಣ್ಣ ಹುಳಗಳದ್ದು. ಹೋಗಲಿ, ನಮಗೆ ಬೇಕಾದದ್ದು ಕುಕ್ಕೆ ತುಂಬುವ ಹೂವು.

ಬೀಜದಿಂದ ಬಂದ ಸಂಪಿಗೆ ಹೂ ಬಿಡಲು ಎಂಟು ಹತ್ತು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಮರ ಕೈಗೆ ನಿಲುಕದಷ್ಟು ಎತ್ತರ ಹೋಗಿರುತ್ತದೆ. ಬಹಳ ಜನ ಸಂಪಿಗೆ ಬೇಡವೆನ್ನುವುದು ಈ ಕಾರಣಕ್ಕೇ. ಕಸಿ ಗಿಡದ ಮಾತು ಬೇರೆ. ಎರಡು ಮೂರು ವರ್ಷಕ್ಕೇ ಹೂ ಕಾಣಿಸುತ್ತದೆ, ಮತ್ತು ನಾಲ್ಕಡಿ ಎತ್ತರದಲ್ಲಿ ತುದಿ ಚಿವುಟಿ, ಪ್ರತಿ ವರ್ಷ ಹೂವಿನ ಸುಗ್ಗಿ ಮುಗಿದ ಮೇಲೆ ಮೇಲಿನ ಕೊಂಬೆಗಳನ್ನು ಹಿಂದಕ್ಕೆ ಕತ್ತರಿಸುತ್ತಾ ಬಂದರೆ ಹತ್ತು ಹನ್ನೆರಡು ಅಡಿಯಲ್ಲೇ ನಿಲ್ಲಿಸಬಹುದು. ನೆಲದ ಮೇಲೆ ನಿಂತು, ಹೆಚ್ಚೆಂದರೆ ಒಂದು ಸಣ್ಣ ಏಣಿಯಿಟ್ಟು ಹೂ ಬಿಡಿಸಬಹುದು. ಮರ ಹತ್ತುವ ಗೋಜು ಬೇಡ. ಸಂಪಿಗೆಯ ಸಣ್ಣ ಕೊಂಬೆ ಆಳಿನ ಭಾರ ತಡೆಯುವುದಿಲ್ಲ. ಗೋಡೆಯಿಂದ ಹದಿನೈದು ಅಡಿ ಬಿಟ್ಟರೆ ಹೀಗೆ ಸವರಿದ ಮರಕ್ಕೆ ಸಾಕು.

ಹೂವನ್ನು ಬಿಸಿಲೇರುವ ಮೊದಲೇ, ಇನ್ನೂ ಪೂರ್ತಿ ಅರಳದಿರುವಾಗಲೇ ತೊಟ್ಟಿನೊಡನೆ ಬಿಡಿಸಬೇಕು. ಉಗುರು ತಗುಲಿದ ಕಡೆ ಕಂದು ಬಣ್ಣಕ್ಕೆ ತಿರುಗುತ್ತದೆ. ಒದ್ದೆ ಬಟ್ಟೆಯ ಮೇಲೆ ಬಾಳೆ ಎಲೆ ಹಾಸಿ, ಒಂದರ ಮೇಲೊಂದು ಒತ್ತದಂತೆ ಜೋಡಿಸಬೇಕು. ಸಂಜೆಯ ಹೊತ್ತಿಗೆ ಅದರ ಬೆಲೆ ಮುಗಿಯಿತು. ಸಂಪಿಗೆಯ ದೊಡ್ಡ ದೋಷ ಇದೇ. ಹಲಸಿನ ಬೀಜವನ್ನು ಮಣ್ಣು ಬಳಿದು ತಿಂಗಳುಗಟ್ಟಲೆ ಇಟ್ಟ ಅಜ್ಜಿಯರಿದ್ದರು, ಸಂಪಿಗೆಯನ್ನು ನಾಳೆಗೆ ಇಡುವಂತಿಲ್ಲ. ಆದ್ದರಿಂದ ಬೆಳಗಿನ ಬಸ್ಸು, ಹಾಲಿನ ವ್ಯಾನು, ಹತ್ತಿರದಲ್ಲೊಂದು ಪೇಟೆ ಅಥವಾ ನಡೆಯುವ ದೇವಸ್ಥಾನ, ಇವುಗಳಲ್ಲಿ ಒಂದಾದರೂ ಇಲ್ಲದ ಊರಿನಲ್ಲಿ ಸಂಪಿಗೆ ಮುಡಿಯುವುದಕ್ಕೆ ಮತ್ತು ದೇವರಿಗೆ ಮಾತ್ರ. ಅದಕ್ಕೂ ಬೇಕು ಎನ್ನುವವರನ್ನು ನಾನು ಈಗ ತಡೆಯುವುದಿಲ್ಲ. ಆದರೆ ಆದಾಯವೆಂದು ನೆಡಬೇಡಿ. ಶ್ರಾವಣದಿಂದ ದಸರೆಯವರೆಗೆ ಹೂವಿಗೆ ಬೆಲೆ, ಆಷಾಢದಲ್ಲಿ ಮದುವೆ ಮುಂಜಿ ಇಲ್ಲದೆ ಇಳಿಕೆ, ಇದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಹಾಗಾದರೆ ನನ್ನ ಸಲಹೆ ಏನು? ಊರೊಳಗಿನ ಇಕ್ಕಟ್ಟಾದ ಹಿತ್ತಲು, ಬೆಳಿಗ್ಗೆ ಅರ್ಧ ಗಂಟೆ ಬಿಡುವಿರುವ ಹೆಂಗಸರು, ಪೇಟೆಗೆ ಹೋಗುವ ಬಸ್ಸು, ಇಷ್ಟಿದ್ದರೆ ಕಸಿ ಸಂಪಿಗೆಯನ್ನೇ ಹಾಕಿ, ಯಾರು ಏನೇ ಹೇಳಲಿ. ಹಲಸನ್ನು ಹೊಲದ ಬದುವಿಗೆ ಕಳಿಸಿ. ಅಲ್ಲಿ ಅದಕ್ಕೆ ಬೇಕಾದ ಜಾಗ ಸಿಗುತ್ತದೆ, ಬಿದ್ದ ಹಣ್ಣಿನಿಂದ ಯಾರ ತಲೆಗೂ ಕೇಡಿಲ್ಲ. ಹೊಲದ ಮನೆ, ತೋಟದ ಮನೆಯಾಗಿ ಅಕ್ಕಪಕ್ಕ ಬಯಲಿದ್ದರೆ, ಬಯಲು ಸೀಮೆಯಲ್ಲಿ ಹಲಸೇ ಮೊದಲು. ಮಲೆನಾಡಿನವರ ಪ್ರಶ್ನೆಯೇ ಬೇರೆ. ಅಲ್ಲಿ ಹಲಸು ಬೇಡವೆಂದರೂ ಹುಟ್ಟುತ್ತದೆ, ಇದ್ದ ಹಣ್ಣೇ ಕೊಳೆಯುತ್ತಿರುವಾಗ ಇನ್ನೊಂದು ನೆಡುವುದರಲ್ಲಿ ಅರ್ಥವಿಲ್ಲ. ನೆಟ್ಟರೆ ಒಳ್ಳೆಯ ಬಕ್ಕೆಯ ಕಸಿ ಮಾತ್ರ. ಎರಡಕ್ಕೂ ಜಾಗವಿದ್ದರೆ ಹಲಸು ಉತ್ತರದ ಅಂಚಿಗೆ, ಸಂಪಿಗೆ ದಕ್ಷಿಣಕ್ಕೆ ಇರಲಿ. ಚಳಿಗಾಲದ ಬಿಸಿಲು ದಕ್ಷಿಣಕ್ಕೆ ಓರೆಯಾಗುವುದರಿಂದ ಆಗ ದೊಡ್ಡ ಮರದ ನೆರಳು ಸಂಪಿಗೆಯ ಮೇಲೆ ಬೀಳುವುದಿಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಫಲ ಕೊಡುತ್ತಿರುವ ಮರವನ್ನು, ಅದು ಹಣ್ಣಿನದಾಗಲಿ ಹೂವಿನದಾಗಲಿ, ಹೊಸ ಕಸಿ ಗಿಡದ ಆಸೆಗೆ ಕಡಿಯಬೇಡಿ. ನನ್ನಂಥ ಅಧಿಕಾರಿ ಬಂದು ಹೇಳಿದರೂ ಕಡಿಯಬೇಡಿ. ನಾವು ಕಿಲೋ ಲೆಕ್ಕದಲ್ಲಿ ಮಾತನಾಡುವುದಕ್ಕೆ ಕಲಿತವರು. ಹೂವಿನ ಕುಕ್ಕೆಯನ್ನು ಬಸ್ಸಿಗೆ ಹಾಕುವವರು ನಮ್ಮ ಸಭೆಗೆ ಬರುವುದಿಲ್ಲ. ಬಂದರೂ ಬಾಗಿಲ ಮರೆಯಲ್ಲಿ ನಿಂತಿರುತ್ತಾರೆ. ಗಿಡ ಆರಿಸುವ ಮೊದಲು ಮನೆಯಲ್ಲಿ ಕೊಯ್ಯುವವರು ಯಾರು, ಮಾರುವವರು ಯಾರು, ಬಂದ ದುಡ್ಡು ಯಾರ ಸೆರಗಿನಲ್ಲಿ ಉಳಿಯುತ್ತದೆ ಎಂದು ಅವರನ್ನೇ ಕೇಳಿ. ವಾಚನಾಲಯದಲ್ಲಿ ಕುಳಿತು ಇದನ್ನು ಓದುತ್ತಿರುವ ನೀವು ಈ ಪುಟವನ್ನು ಮನೆಯಲ್ಲೂ ಓದಿ ಹೇಳಿದರೆ ನನ್ನ ಅರ್ಧ ಕೆಲಸ ಆದಂತೆ.

ನೆಡುವ ಕ್ರಮವನ್ನು ಹೇಳಿಬಿಡುತ್ತೇನೆ, ಹೊತ್ತು ಇದೇ. ಎರಡಕ್ಕೂ ಮೂರಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಮೇಲ್ಮಣ್ಣಿಗೆ ಎರಡು ಮೂರು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರವಿರಲಿ, ಮಳೆ ಬಿದ್ದ ಮೇಲೆ ಮಣ್ಣು ಕುಸಿಯುತ್ತದೆ. ಕಸಿಯ ಗಂಟು ಮಣ್ಣಿನೊಳಗೆ ಹೋಗಬಾರದು. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಚಿವುಟಿ ಹಾಕಬೇಕು. ಅದನ್ನು ಬಿಟ್ಟು, ಕಸಿ ಕೊಂಬೆ ಸತ್ತು, ಬೇರುಗಿಡವೇ ಮರವಾದ ಮೇಲೆ “ಕೊಟ್ಟ ಗಿಡ ಸುಳ್ಳು” ಎಂದು ದೂರು ತಂದವರು ಬೇಕಾದಷ್ಟು ಜನ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ನೀರು, ಬುಡಕ್ಕೆ ತರಗಿನ ಹೊದಿಕೆ, ಆಡಿಗೆ ಸಿಕ್ಕದಂತೆ ಮುಳ್ಳು ಕಟ್ಟುವುದು, ಇದನ್ನು ಮರೆಯಬಾರದು. ಎಳೆಯ ಸಂಪಿಗೆಗೆ ಮೊದಲ ಬೇಸಿಗೆಯಲ್ಲಿ ತೆಂಗಿನ ಗರಿಯ ನೆರಳು ಬೇಕು.

ಹಲಸಿನಲ್ಲಿ ಜನ ಗಾಬರಿಯಾಗುವುದು ಎಳೆ ಮಿಡಿ ಕಪ್ಪಾಗಿ ಉದುರಿದಾಗ. ಎಲ್ಲವೂ ರೋಗವಲ್ಲ. ಹಲಸಿನಲ್ಲಿ ಗಂಡು ಹೂಗೊಂಚಲು, ಹೆಣ್ಣು ಹೂಗೊಂಚಲು ಬೇರೆ ಬೇರೆ. ಸಣ್ಣ ತೊಟ್ಟಿನ ಗಂಡು ಮಿಡಿ ತನ್ನ ಕೆಲಸ ಮುಗಿಸಿ ಕಪ್ಪಾಗಿ ಬೀಳುವುದು ಸಹಜ ಧರ್ಮ. ದಪ್ಪ ತೊಟ್ಟಿನ ಹೆಣ್ಣು ಮಿಡಿಯೂ ಬೂಷ್ಟು ಹಿಡಿದು ಕೊಳೆಯುತ್ತಿದ್ದರೆ ಅದು ಶಿಲೀಂಧ್ರ. ಕೊಳೆತದ್ದನ್ನೆಲ್ಲ ಆರಿಸಿ ಸುಟ್ಟು, ಶೇಕಡಾ ಒಂದರ ಬೋರ್ಡೋ ದ್ರಾವಣ ಹೊಡೆಯಿರಿ. ಒಂದೆರಡು ಮರಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ, 10 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ ಬೆರೆಸಬೇಕು, ಲೋಹದ ಪಾತ್ರೆ ಕೂಡದು. ಹೊಳಪಿನ ಚಾಕುವನ್ನು ಅದ್ದಿ ತೆಗೆದರೆ ತುಕ್ಕಿನಂತೆ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಸಂಪಿಗೆಗೆ ದೊಡ್ಡ ರೋಗಗಳಿಲ್ಲ. ಕೊಂಬೆಗೆ ಹುರುಪೆಯಂತೆ ಅಂಟಿ ರಸ ಹೀರುವ ಕೀಟ ಬಂದರೆ ಹಳೆಯ ಬ್ರಷ್ಷಿನಿಂದ ಉಜ್ಜಿ, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕದಡಿ ಸಿಂಪಡಿಸಿ. ಎಲೆ ತಿನ್ನುವ ಹಸಿರು ಹುಳು ಒಂದು ಚೆಂದದ ಚಿಟ್ಟೆಯ ಮರಿ. ಗಿಡ ದೊಡ್ಡದಾಗಿದ್ದರೆ ಅದರ ಪಾಡಿಗೆ ಬಿಡಿ, ಸಸಿಯಾಗಿದ್ದರೆ ಕೈಯಿಂದ ಆರಿಸಿ ತೆಗೆಯಿರಿ.

ಗಿಡ ಕೊಳ್ಳುವಾಗ ಹೆಸರಿನ ಮೋಸಕ್ಕೆ ಒಳಗಾಗಬೇಡಿ. ಸಂಪಿಗೆ ಎಂಬ ಹೆಸರು ನಮ್ಮಲ್ಲಿ ಹಲವು ಗಿಡಗಳಿಗಿದೆ. ಗೋಸಂಪಿಗೆ ಎನ್ನುವುದು ಹಾಲು ಬರುವ ದೇವಕಣಗಿಲೆ, ನಾಗಸಂಪಿಗೆ ಗಟ್ಟಿ ಮೋಪಿನ ಬೇರೆಯೇ ಮರ, ಹಸಿರು ಸಂಪಿಗೆ ಎಂದು ಮಾರುವುದು ಮನೋರಂಜಿನಿಯ ಬಳ್ಳಿ. ನಿಮಗೆ ಬೇಕಾದದ್ದು ಹಳದಿ ಅಥವಾ ಕೆಂಡದ ಬಣ್ಣದ ಹೂವಿನ ಕೆಂಡಸಂಪಿಗೆಯ ಕಸಿ. ಸಾಧ್ಯವಾದರೆ ಒಂದು ಹೂವಾದರೂ ಬಿಟ್ಟಿರುವ ಗಿಡವನ್ನೇ ಆರಿಸಿ. ಬೀಜದಿಂದಲೇ ಮಾಡುತ್ತೇನೆನ್ನುವವರು ಕಾಯೊಡೆದ ಕೂಡಲೇ ಬೀಜದ ಮೇಲಿನ ಕೆಂಪು ತಿರುಳನ್ನು ಬೂದಿಯಲ್ಲಿ ತಿಕ್ಕಿ ತೊಳೆದು ಅಂದೇ ಬಿತ್ತಬೇಕು, ಒಣಗಿಸಿಟ್ಟರೆ ಮೊಳೆಯದು. ಹಲಸಿನ ಬೀಜವೂ ಹಾಗೆಯೇ ಬೇಗ ಕೆಡುತ್ತದೆ. ಅಲ್ಲದೆ ಎಷ್ಟು ಸಿಹಿ ಹಣ್ಣಿನ ಬೀಜವಾದರೂ ಅದೇ ಗುಣದ ಮರ ಬರುತ್ತದೆಂಬ ಭರವಸೆಯಿಲ್ಲ, ಫಲಕ್ಕೆ ಏಳೆಂಟು ವರ್ಷ ಕಾಯಬೇಕು. ಕಸಿಯಾದರೆ ನಾಲ್ಕೈದು ವರ್ಷ.

ಆ ತಿಪಟೂರು ಕಡೆಯ ಮನೆಗೆ ಮರುವರ್ಷ ನಾನೇ ಒಂದು ಕಸಿ ಸಂಪಿಗೆ ತೆಗೆದುಕೊಂಡು ಹೋದೆ. ಎಲ್ಲಿ ನೆಡಬೇಕೆಂದು ಈ ಸಲ ನಾನು ತೋರಿಸಲಿಲ್ಲ. ಆಕೆ ಅದನ್ನು ಹಿತ್ತಲಿಗೆ ಒಯ್ಯಲೇ ಇಲ್ಲ. ಮುಂದಿನ ಅಂಗಳದ ಮೂಲೆಯಲ್ಲಿ, ಬಸ್ಸು ನಿಲ್ಲುವ ಜಾಗ ಕಾಣುವ ಕಡೆ ನೆಟ್ಟರು.